ಅಡಿಕೆಯ ಹಣ, ತಿಂಗಳ ಕೈಖರ್ಚು

ಕಾಲೇಜುಗಳಲ್ಲಿ ಪ್ರವೇಶದ ಕಾಲ ಆರಂಭವಾಯಿತೆಂದರೆ ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದ ನನಗೆ ಬರುವ ಫೋನ್ ಕರೆಗಳು ಹೆಚ್ಚುತ್ತವೆ. ನಿವೃತ್ತ ಅಧಿಕಾರಿ ಎಂದರೆ ಬಂಧುಬಳಗದ ಪಾಲಿಗೆ ಒಂದು ಪುಕ್ಕಟೆ ಮಾಹಿತಿ ಕೇಂದ್ರ. ಯಾವ ಕೋರ್ಸು ಒಳ್ಳೆಯದು, ವಿದ್ಯಾರ್ಥಿವೇತನಕ್ಕೆ ಯಾವ ದಾಖಲೆ ಬೇಕು, ಹಾಸ್ಟೆಲಿನ ಅರ್ಜಿಗೆ ಕೊನೆಯ ದಿನ ಯಾವುದು ಎಂಬ ಪ್ರಶ್ನೆಗಳಿಗೆ ಹೇಗೋ ಉತ್ತರಿಸಬಹುದು. ಕಳೆದ ವರ್ಷ ಹೊಸದುರ್ಗ ತಾಲ್ಲೂಕಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಕೇಳಿದ್ದು ಬೇರೆಯದೇ ಪ್ರಶ್ನೆ. ‘ಮಗಳನ್ನು ದುರ್ಗದಲ್ಲಿ ಹಾಸ್ಟೆಲಿಗೆ ಬಿಡ್ತಿದೀವಿ. ಕೈಖರ್ಚಿಗೆ ಅಂತ ತಿಂಗಳಿಗೆ ಎಷ್ಟು ಕೊಡಬೇಕು ಅಣ್ಣ?’ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೂರು ದಶಕಗಳ ಕಾಲ ಸರ್ಕಾರದ ಖರ್ಚುವೆಚ್ಚದ ಕಡತಗಳಿಗೆ ಸಹಿ ಹಾಕಿದ ನಾನು ‘ನಾಳೆ ಹೇಳುತ್ತೇನೆ’ ಎಂದು ಫೋನ್ ಇಟ್ಟೆ.

ಮೊತ್ತದ ಲೆಕ್ಕ ಅಷ್ಟೇನೂ ಕಷ್ಟದ್ದಲ್ಲ. ಶುಲ್ಕ, ಊಟ, ವಸತಿಗಳನ್ನು ಬದಿಗಿಟ್ಟು ಉಳಿದದ್ದನ್ನು ಕೂಡಿದರಾಯಿತು. ಮೊಬೈಲ್ ರೀಚಾರ್ಜಿಗೆ ಸುಮಾರು 300 ರೂಪಾಯಿ. ದೂರವಾಣಿ ಕಂಪನಿಗಳ ಪಂಚಾಂಗದಲ್ಲಿ ತಿಂಗಳೆಂದರೆ 28 ದಿನ. ಹಾಗಾಗಿ ವರ್ಷಕ್ಕೆ ಹದಿಮೂರು ಸಲ ತುಂಬಬೇಕಾಗುತ್ತದೆ ಎಂಬುದನ್ನು ತಂದೆತಾಯಿಗಳು ಮರೆಯುತ್ತಾರೆ. ಸೋಪು, ಎಣ್ಣೆ, ಬಟ್ಟೆ ಒಗೆಯುವ ಪುಡಿ, ಜೆರಾಕ್ಸು, ರೆಕಾರ್ಡ್ ಪುಸ್ತಕ, ತಿಂಗಳಿಗೊಮ್ಮೆ ಊರಿಗೆ ಹೋಗಿಬರುವ ಬಸ್ ಚಾರ್ಜು, ಗೆಳತಿಯರ ಜೊತೆ ವಾರಕ್ಕೆರಡು ಸಲ ಮಂಡಕ್ಕಿ-ಮಿರ್ಚಿ. ಚಿತ್ರದುರ್ಗದಂತಹ ಊರಿನಲ್ಲಿ ಇವೆಲ್ಲ 1500ರಿಂದ 2000 ರೂಪಾಯಿಯೊಳಗೆ ಮುಗಿಯುತ್ತವೆ. ಹಿರಿಯೂರಿನಿಂದ ದಿನವೂ ಓಡಾಡಿ ಓದುವ ಹುಡುಗನಿಗೆ ಪಾಸಿನ ಹಣ ಬಿಟ್ಟು ಸಾವಿರ ಸಾಕು. ಬೆಂಗಳೂರಿನ ಪಿ.ಜಿ.ಯಲ್ಲಿದ್ದರೆ ಇದನ್ನು ಇಮ್ಮಡಿ ಮಾಡಿಕೊಳ್ಳಬೇಕು. ‘ದೊಡ್ಡವನಿಗೆ 2012ರಲ್ಲಿ ಸಾವಿರ ಕೊಡುತ್ತಿದ್ದೆವು, ಇವಳಿಗೂ ಅಷ್ಟೇ’ ಎನ್ನುವ ತಂದೆಯರಿದ್ದಾರೆ. 2012ನ್ನು 100 ಎಂದಿಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕ 2024ರ ಕೊನೆಯ ವೇಳೆಗೆ 190ನ್ನು ದಾಟಿತ್ತು. ಅಂದರೆ ಅವರು ಚಿಕ್ಕವಳಿಗೆ ಕೊಡುತ್ತಿರುವುದು ಹೆಚ್ಚುಕಡಿಮೆ ಅರ್ಧ.

ಇದಿಷ್ಟನ್ನು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ರಾತ್ರಿ ಕುಳಿತು ಯೋಚಿಸಿದಾಗ, ನಮ್ಮ ಸೀಮೆಯ ಕುಟುಂಬಗಳಿಗೆ ತೊಡಕಾಗಿರುವುದು ಮೊತ್ತ ಅಲ್ಲವೇ ಅಲ್ಲ ಎನಿಸಿತು. ಕೈಖರ್ಚಿನ ಬಗ್ಗೆ ಬರುವ ಉಪದೇಶಗಳೆಲ್ಲ ಒಂದನೆಯ ತಾರೀಖಿಗೆ ಸಂಬಳ ಎಣಿಸುವ ಮನೆಗಳನ್ನು ಕಣ್ಣಮುಂದಿಟ್ಟುಕೊಂಡು ಹುಟ್ಟಿದವು. ಹೊಸದುರ್ಗ, ಹೊಳಲ್ಕೆರೆಯ ತೋಟದ ಮನೆಗಳಿಗೆ ಹಣ ಬರುವುದು ಅಡಿಕೆ ಕೊಯ್ದು, ಬೇಯಿಸಿ, ಒಣಗಿಸಿ ಭೀಮಸಮುದ್ರದ ವರ್ತಕರಿಗೆ ಹಾಕಿದ ಮೇಲೆ. ಹಿರಿಯೂರಿನ ಈರುಳ್ಳಿ ಬೆಳೆಗಾರನಿಗೆ ಅದು ಬರುವುದು ಮಾರುಕಟ್ಟೆಯಲ್ಲಿ ಬೆಲೆ ಉಳಿದಿದ್ದರೆ ಮಾತ್ರ. ಮಳೆಯಾಶ್ರಿತ ಹೊಲದ ಶೇಂಗಾ, ಮೆಕ್ಕೆಜೋಳದ ಕಥೆಯೂ ಇದೇ. ಆದಾಯ ವರ್ಷಕ್ಕೊಮ್ಮೆಯೋ ಎರಡು ಸಲವೋ ಗಂಟಾಗಿ ಬರುತ್ತದೆ. ಮಕ್ಕಳ ಖರ್ಚು ಮಾತ್ರ ದಿನದಿನವೂ ಹನಿಯುತ್ತದೆ. ವೇದಾವತಿಗೆ ಮಾರಿಕಣಿವೆಯಲ್ಲಿ ಅಡ್ಡಗಟ್ಟೆ ಕಟ್ಟಿ 1907ರಲ್ಲಿ ಮುಗಿಸಿದವರಿಗೆ ಈ ಸಂಗತಿ ಚೆನ್ನಾಗಿ ತಿಳಿದಿತ್ತು. 1933ರ ನಂತರ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಬಳಿಕ. ಹಿರಿಯೂರಿನ ತೋಟಗಳು ಅಷ್ಟು ವರ್ಷ ಬದುಕಿದ್ದು ಕೋಡಿಯನ್ನು ನೆಚ್ಚಿಕೊಂಡಲ್ಲ, ತೂಬಿನಿಂದ ಅಳೆದು ಬಿಟ್ಟ ನೀರಿನಿಂದ.

ನಮ್ಮ ತಂದೆಯವರು ಕೋಡಿಯ ಪದ್ಧತಿಯವರು. ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮಳೆ ನಂಬಿದ ಶೇಂಗಾ ಹೊಲ ನಮ್ಮದು. 1977ರಲ್ಲಿ ನಾನು ಚಿತ್ರದುರ್ಗದಲ್ಲಿ ಬಿ.ಎ. ಓದುತ್ತಿದ್ದಾಗ, ಶೇಂಗಾ ಮಾರಿದ ಮರುದಿನ ಹಾಸ್ಟೆಲಿಗೆ ಬಂದು 200 ರೂಪಾಯಿಯನ್ನು ನನ್ನ ಕೈಯಲ್ಲಿಟ್ಟು, ‘ಯುಗಾದಿವರೆಗೂ ಇಷ್ಟೇ ನೋಡಪ್ಪ’ ಎಂದು ಹೇಳಿ ಸಂಜೆಯ ಬಸ್ಸಿಗೆ ಹೋದರು. ಅದುವರೆಗೆ ಐದು ರೂಪಾಯಿಯ ನೋಟಿಗಿಂತ ದೊಡ್ಡದನ್ನು ಸ್ವಂತದ್ದೆಂದು ಜೇಬಿನಲ್ಲಿಟ್ಟುಕೊಂಡವನಲ್ಲ ನಾನು. ಒಂದು ಬೆಲ್‌ಬಾಟಂ ಪ್ಯಾಂಟು, ನಾಲ್ಕಾರು ಸಿನಿಮಾ, ಗೆಳೆಯರಿಗೆಲ್ಲ ಹೋಟೆಲಿನಲ್ಲಿ ಮಸಾಲೆ ದೋಸೆ. ಡಿಸೆಂಬರ್ ಮುಗಿಯುವ ವೇಳೆಗೆ ಸೋಪು ಕೊಳ್ಳಲೂ ಕಾಸಿರಲಿಲ್ಲ. ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳೊಂದಿಗೆ ಒಂದು ಕಾಗದ ಬರೆದೆ: ಪರೀಕ್ಷಾ ಶುಲ್ಕದ ಎರಡನೆಯ ಕಂತು ಕಟ್ಟಬೇಕಿದೆ, ಕೂಡಲೇ 35 ರೂಪಾಯಿ ಕಳಿಸುವುದು. ಎರಡನೆಯ ಕಂತು ಎಂಬುದೇ ಇರಲಿಲ್ಲ. ಹತ್ತು ದಿನಕ್ಕೆ ಮನಿಯಾರ್ಡರ್ ಬಂತು. ಕೂಪನ್ನಿನ ಇಕ್ಕಟ್ಟಾದ ಜಾಗದಲ್ಲಿ ಅವರು ಬರೆದದ್ದು ಎರಡೇ ಮಾತು: ಎಲ್ಲರೂ ಕ್ಷೇಮ, ಚೆನ್ನಾಗಿ ಓದು.

1998ರಲ್ಲಿ ತಂದೆಯವರು ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿದ್ದ ಲೆಕ್ಕದ ಪುಸ್ತಕಗಳನ್ನು ತಿರುವಿಹಾಕುತ್ತಿದ್ದಾಗ ಆ ವರ್ಷದ ಹಾಳೆ ಸಿಕ್ಕಿತು. ‘ದುರ್ಗಕ್ಕೆ, ಪರೀಕ್ಷೆ ಫೀಜು 35, ಎರಡನೇ ಸಲ’ ಎಂದು ಬರೆದು, ‘ಎರಡನೇ ಸಲ’ ಎಂಬುದರ ಕೆಳಗೆ ಗೆರೆ ಎಳೆದಿದ್ದರು. ಪಕ್ಕದಲ್ಲಿ ಆ ಹಣವನ್ನು ಮಂಡಿ ಸಾಹುಕಾರರಿಂದ ಬಡ್ಡಿಗೆ ತಂದ ಬಾಬ್ತು ಇತ್ತು. ಅವರಿಗೆ ತಿಳಿದಿತ್ತು. ಇಪ್ಪತ್ತು ವರ್ಷ ಅವರು ಆ ಮಾತನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸುಳ್ಳು ನನ್ನದು, ಅದನ್ನು ಯಾರ ತಲೆಗೂ ಕಟ್ಟಲಾರೆ. ಆದರೆ ಹದಿನೆಂಟರ ಹುಡುಗನಿಗೆ ಐದು ತಿಂಗಳ ಹಣವನ್ನು ಒಮ್ಮೆಗೇ ಕೊಟ್ಟು, ಅದು ಮುಗಿದಾಗ ಬೇಡುವುದೊಂದೇ ದಾರಿ ಎಂಬ ಸ್ಥಿತಿಯಲ್ಲಿಟ್ಟರೆ ಅಂಥ ಕಾಗದಗಳು ಹುಟ್ಟುತ್ತವೆ. ಈಗ ಅವು ಮೊಬೈಲಿನಲ್ಲಿ ಹುಟ್ಟುತ್ತಿವೆ, ಪ್ರಾಜೆಕ್ಟು, ಇಂಡಸ್ಟ್ರಿಯಲ್ ವಿಸಿಟ್ಟು ಎಂಬ ಹೆಸರುಗಳಲ್ಲಿ.

ಕೋಡಿಯ ಪದ್ಧತಿಗೆ ಹೆದರಿದವರು ಹಿಡಿಯುವ ಇನ್ನೊಂದು ದಾರಿಯೆಂದರೆ, ಕೇಳಿದಾಗ ಕೊಡುವುದು. ಇದು ಮೇಲ್ನೋಟಕ್ಕೆ ಮಿತವ್ಯಯದಂತೆ ಕಾಣುತ್ತದೆ. ಆದರೆ ಕೇಳಿದಾಗಲೆಲ್ಲ ಕಾರಣ ಒಪ್ಪಿಸಬೇಕಾದ ಮಗು ಅರ್ಜಿದಾರನಾಗುತ್ತದೆ, ತಂದೆ ಮಂಜೂರಾತಿ ಪ್ರಾಧಿಕಾರ. ಅರ್ಜಿ ಬರೆಯುವ ಕಲೆ ಬೇಗ ಸಿದ್ಧಿಸುತ್ತದೆ. ಬೇಕಾದ ಐನೂರಕ್ಕೆ ಎಂಟುನೂರು ಕೇಳಿದರೆ ಆರುನೂರು ಸಿಗುತ್ತದೆ ಎಂಬುದನ್ನು ಇಲಾಖೆಗಳು ಕಲಿತಂತೆಯೇ ಮಕ್ಕಳೂ ಕಲಿಯುತ್ತಾರೆ. ಉಳಿದದ್ದನ್ನು ಹಿಂದಕ್ಕೆ ಕೇಳಿದರಂತೂ ಮುಗಿಯಿತು. ಮಾರ್ಚ್ ತಿಂಗಳ ಕೊನೆಯ ವಾರ ಸರ್ಕಾರಿ ಕಚೇರಿಗಳಲ್ಲಿ ನಡೆಯುವ ಖರ್ಚಿನ ಭರಾಟೆಯನ್ನು ಕಣ್ಣಾರೆ ಕಂಡವನಾಗಿ ಹೇಳುತ್ತೇನೆ: ಉಳಿಸಿದರೆ ಕಳೆದುಕೊಳ್ಳುವೆ ಎಂಬ ಭಯವಿರುವ ಕಡೆ ಯಾರೂ ಉಳಿಸುವುದಿಲ್ಲ.

ಈಗಿನ ತಂತ್ರಜ್ಞಾನ ಇದಕ್ಕೊಂದು ಹೊಸ ರೂಪ ಕೊಟ್ಟಿದೆ. ಎಷ್ಟೋ ಮನೆಗಳಲ್ಲಿ ಮಗನ ಬ್ಯಾಂಕ್ ಖಾತೆಗೆ ಕೊಟ್ಟಿರುವ ಫೋನ್ ಸಂಖ್ಯೆ ತಂದೆಯದು. ಹುಡುಗ ದುರ್ಗದ ಹೋಟೆಲಿನಲ್ಲಿ ಬೈಟು ಕಾಫಿ ಕುಡಿದರೆ ತೋಟದಲ್ಲಿ ನೀರು ಕಟ್ಟುತ್ತಿರುವ ತಂದೆಯ ಜೇಬಿನಲ್ಲಿ ಗಂಟೆ ಬಾರಿಸುತ್ತದೆ. 2024ರಲ್ಲಿ ಬಂದ ಯುಪಿಐ ಸರ್ಕಲ್ ಎಂಬ ವ್ಯವಸ್ಥೆಯಲ್ಲಿ ತಂದೆ ತನ್ನ ಖಾತೆಯಿಂದಲೇ ಮಗಳು ಹಣ ಪಾವತಿಸುವಂತೆ ತಿಂಗಳಿಗೆ 15,000 ರೂಪಾಯಿಯೊಳಗೆ ಮಿತಿ ಹಾಕಿಕೊಡಬಹುದು. ಮನೆಯ ವೃದ್ಧರಿಗೆ ಇದು ಉಪಯುಕ್ತವೇ. ಕಾಲೇಜಿಗೆ ಹೋಗುವ ಮಗಳ ವಿಷಯದಲ್ಲಿ ನನಗೆ ಅಷ್ಟು ಉತ್ಸಾಹವಿಲ್ಲ. ಅನುದಾನ ಕೊಟ್ಟು ಪ್ರತಿ ರೂಪಾಯಿಗೂ ಬಳಕೆ ಪ್ರಮಾಣಪತ್ರ ಕೇಳಿದರೆ ಪ್ರಮಾಣಪತ್ರ ಬರುತ್ತದೆ. ಸತ್ಯವೂ ಅದರ ಜೊತೆ ಬರುತ್ತದೆಂಬ ಖಾತ್ರಿಯಿಲ್ಲ.

ತಂದೆತಾಯಿಗಳ ಭಯ ನಿರಾಧಾರವೆಂದು ನಾನು ಹೇಳಲಾರೆ. ಹದಿನೆಂಟು ತುಂಬಿದ ಕೂಡಲೇ ಹುಡುಗರು ಕಾನೂನಿನ ಕಣ್ಣಿನಲ್ಲಿ ಕರಾರಿಗೆ ಅರ್ಹರು, ಅಂದರೆ ಸಾಲಕ್ಕೂ ಅರ್ಹರು. ನಿಮಿಷದಲ್ಲಿ ಸಾಲ ಕೊಡುವ ಆ್ಯಪುಗಳ ಮೇಲೆ ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಹೇರಿತು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಆದರೂ ಮನೆಯಲ್ಲಿ ಬಾಯಿಬಿಟ್ಟು ಕೇಳಲು ನಾಚುವ ಹುಡುಗನೇ ಇಂಥ ಸಾಲಕ್ಕೆ ಮೊದಲ ಗಿರಾಕಿ.

ಇನ್ನು ಹೆಣ್ಣುಮಕ್ಕಳ ಪಾಲು. ಇಲ್ಲಿ ನಾನೇ ತಪ್ಪಿತಸ್ಥ. ನನ್ನ ಮಗ ಕೇಳಿದಾಗ ಎಣಿಸದೆ ಕೊಟ್ಟೆ. ಅದೇ ಊರಿನಲ್ಲಿ ಓದಿದ ಮಗಳಿಂದ ಲೆಕ್ಕ ಕೇಳಿದೆ. ಅವಳು ಅಚ್ಚುಕಟ್ಟಾಗಿ ಬರೆದಿಡುತ್ತಾಳೆಂಬ ಮೆಚ್ಚುಗೆಯೇ ಅದಕ್ಕೆ ಕಾರಣ ಎಂದು ಬಹಳ ಕಾಲ ನಂಬಿದ್ದೆ. ‘ಅಣ್ಣನ ಲೆಕ್ಕದ ಪುಸ್ತಕ ಎಲ್ಲಿದೆ ಅಪ್ಪಾಜಿ?’ ಎಂದು ಅವಳು ಕೇಳಿದ್ದು ಮದುವೆಯಾದ ಮೇಲೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣ ಉಳಿಯಿತು. ಹಲವು ಮನೆಗಳಲ್ಲಿ ಆ ಉಳಿತಾಯವನ್ನು ಮಗಳ ಕೈಖರ್ಚಿನಿಂದಲೇ ಕಳೆದರು. ಹೊಸದುರ್ಗ, ಹೊಳಲ್ಕೆರೆಯ ದಾರಿಯಲ್ಲಿ ಓಡುವ ಖಾಸಗಿ ಬಸ್ಸುಗಳಿಗೆ ಆ ಯೋಜನೆ ಅನ್ವಯಿಸುವುದಿಲ್ಲ ಎಂಬುದು ಹಣ ಕಡಿತ ಮಾಡಿದವರಿಗೆ ನೆನಪಾಗಲಿಲ್ಲ. ತಿಂಗಳ ಪ್ಯಾಡಿನ ಖರ್ಚೂ ಅಷ್ಟೇ. ಅದರ ಮೇಲಿನ ಜಿಎಸ್‌ಟಿಯನ್ನು 2018ರಲ್ಲಿ ತೆಗೆದುಹಾಕಲು ಮಂತ್ರಿಗಳು ಸಭೆಯಲ್ಲಿ ಕೂತು ಚರ್ಚಿಸಿದರು. ತಂದೆ ಬರೆಯುವ ಪಟ್ಟಿಯಲ್ಲಿ ಅದಕ್ಕಿನ್ನೂ ಸಾಲಿಲ್ಲ.

ಮರುದಿನ ನಾನು ತಮ್ಮನಿಗೆ ಹೇಳಿದ್ದು ಇಷ್ಟು. ಮೊದಲು ಮಗಳನ್ನು ಕೂರಿಸಿಕೊಂಡು ಮನೆಯ ಲೆಕ್ಕ ತೋರಿಸು: ಅಡಿಕೆಯಿಂದ ಎಷ್ಟು, ತೆಂಗಿನಿಂದ ಎಷ್ಟು, ಸೊಸೈಟಿ ಸಾಲ ಎಷ್ಟು, ಗೃಹಲಕ್ಷ್ಮಿಯ 2000 ಯಾವುದಕ್ಕೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಸಾಲದ ಸುದ್ದಿ ಮುಟ್ಟಬಾರದೆಂಬ ಒಂದು ಮರ್ಯಾದೆಯಿದೆ. 1977ರಲ್ಲಿ ಮಂಡಿ ಸಾಹುಕಾರರ ಬಡ್ಡಿಯ ವಿಷಯ ನನಗೆ ತಿಳಿದಿದ್ದರೆ ಆ ಕಾಗದ ಬರೆಯುತ್ತಿದ್ದೆನೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಲೆಕ್ಕ ತೋರಿಸಿದ ಮೇಲೆ ಮೊತ್ತವನ್ನು ಅವಳೇ ಹೇಳಲಿ, ನೀವು ಚೌಕಾಸಿ ಮಾಡಿ. ಅಡಿಕೆ ಮಾರಿದ ದಿನವೇ ಹತ್ತು ತಿಂಗಳ ಹಣವನ್ನು ತಾಯಿಯ ಹೆಸರಿನ ಬೇರೆ ಖಾತೆಗೆ ಹಾಕಿ, ಪ್ರತಿ ತಿಂಗಳ 5ರಂದು ತಾನಾಗಿಯೇ ಮಗಳ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಬರೆದುಕೊಡಿ. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆಂದು 2013-14ರಲ್ಲಿ ಆರಂಭವಾದ ವಿದ್ಯಾಸಿರಿ ಯೋಜನೆಯಲ್ಲೂ ಊಟ, ವಸತಿಯ ನೆರವನ್ನು ತಿಂಗಳಿಗೆ 1500ರಂತೆ ಹತ್ತು ತಿಂಗಳಿಗೆ ಲೆಕ್ಕ ಹಾಕಿದ್ದರು. ಹೀಗೆ ಗುರುತು ಹಾಕಿದ ಹಣಕ್ಕೆ ಕೈಹಾಕಲು ಮನಸ್ಸು ಹಿಂಜರಿಯುತ್ತದೆ ಎಂಬುದನ್ನು ವಿವರಿಸಿದ ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಸಾಸಿವೆ ಡಬ್ಬಿಯಲ್ಲೊಂದು, ಮೆಂತ್ಯದ ಡಬ್ಬಿಯಲ್ಲೊಂದು ಗಂಟು ಇಡುತ್ತಿದ್ದ ನಮ್ಮ ತಾಯಂದಿರಿಗೆ ಯಾರೂ ಏನೂ ಕೊಡಲಿಲ್ಲ. ಕೊನೆಯದಾಗಿ, ಕೊಟ್ಟ ಮೇಲೆ ಲೆಕ್ಕ ಕೇಳಬೇಡಿ. ಉಳಿದರೆ ಅವಳದು.

ತಮ್ಮನಿಗೆ ಕೊನೆಯ ಮಾತು ಅಷ್ಟಾಗಿ ರುಚಿಸಲಿಲ್ಲ, ಆದರೂ ಒಪ್ಪಿದ. ಮಗಳು 2000 ಕೇಳಿ 1800ಕ್ಕೆ ಇಳಿದಳು. ಅಡಿಕೆ ಕೊಯ್ಲಿಗೆ ಇನ್ನೂ ಸಮಯವಿದ್ದುದರಿಂದ ಮೊದಲ ನಾಲ್ಕು ತಿಂಗಳ ಹಣ ತೆಂಗಿನಕಾಯಿಯಿಂದ ಹೊಂದಿತು. ಮೊದಲ ತಿಂಗಳ 19ನೇ ತಾರೀಖಿಗೆ ಹುಡುಗಿ ತಾಯಿಗೆ ಫೋನ್ ಮಾಡಿದಳು, ಎಲ್ಲ ಖಾಲಿ. ಕೊಡುವುದೋ ಬಿಡುವುದೋ ಎಂಬ ಪ್ರಶ್ನೆ ಮತ್ತೆ ನನ್ನ ಬಳಿಗೆ ಬಂತು. ಹಾಸ್ಟೆಲಿನಲ್ಲಿ ಊಟವಿದೆ, ಯಾರೂ ಉಪವಾಸ ಬೀಳುವುದಿಲ್ಲ. ಹಾಗೆಂದು ಹೊಸ ಊರಿನಲ್ಲಿ ಹೆಣ್ಣುಮಗಳನ್ನು ಬರಿಗೈಯಲ್ಲಿ ಬಿಡುವುದೂ ಸರಿಯಲ್ಲ. ಸರ್ಕಾರಿ ನೌಕರರಿಗೆ ಹಬ್ಬದ ಮುಂಗಡ ಕೊಟ್ಟು ಸಂಬಳದಲ್ಲಿ ಕಂತುಕಂತಾಗಿ ಹಿಡಿದುಕೊಳ್ಳುವ ಪದ್ಧತಿಯನ್ನು ನೆನೆದು, 300 ರೂಪಾಯಿ ಮುಂಗಡ ಕೊಟ್ಟು ಮುಂದಿನ ಮೂರು ತಿಂಗಳು ನೂರುನೂರರಂತೆ ಮುರಿದುಕೊಳ್ಳಿ ಎಂದೆ. ಕಾರಣ ಕೇಳಬೇಡಿ ಎಂದೂ ಸೇರಿಸಿದೆ. ಸಂಜೆ ಹುಡುಗಿಯೇ ಫೋನ್ ಮಾಡಿ, ‘ದೊಡ್ಡಪ್ಪ, ನಿಮ್ಮ ಸರ್ಕಾರದಲ್ಲಿ ಆ ಮುಂಗಡಕ್ಕೆ ಬಡ್ಡಿ ಹಾಕ್ತಿದ್ರಾ?’ ಎಂದು ವಿಚಾರಿಸಿದಳು. ಇಲ್ಲ ಎಂದೆ.