ಮಳೆನಕ್ಷತ್ರಗಳ ಕಾವ್ಯವೂ ಶಾಸ್ತ್ರವೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಅಡಿಕೆ ಬೆಳೆಗಾರರಿಗೆ ಮಳೆಗಾಲದ ಲೆಕ್ಕವೆಂದರೆ ನಕ್ಷತ್ರಗಳ ಲೆಕ್ಕ. ಮೃಗಶಿರೆ ಹಿಡಿಯಿತು, ಆರಿದ್ರೆ ಕೈಕೊಟ್ಟಿತು, ಪುನರ್ವಸುವಿನಲ್ಲಿ ತುಂಗೆ ಏರಿತು ಎಂಬುದೇ ಅಲ್ಲಿನ ಮಾತು. ಮಳೆ ಬಿಡುವು ಕೊಟ್ಟಾಗ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆರೋಗವು ವರುಷದ ಫಸಲನ್ನೇ ಕೊಂಡೊಯ್ಯಬಹುದಾದ ನಾಡಿನಲ್ಲಿ ಮಳೆಯ ಕಾಲಜ್ಞಾನವು ಬದುಕಿನ ಪ್ರಶ್ನೆಯೇ ಆಗಿರುವುದು ಸಹಜ. ಅನಾವೃಷ್ಟಿಯಲ್ಲಿಯೂ ಅತಿವೃಷ್ಟಿಯಲ್ಲಿಯೂ ಕಿಗ್ಗದ ಋಷ್ಯಶೃಂಗೇಶ್ವರನಿಗೇ ಮೊರೆಯಿಡುವ ಪದ್ಧತಿ ಇದಕ್ಕೆ ಸಾಕ್ಷಿ.

ಇಂಥ ಜ್ಞಾನವನ್ನು ಪದ್ಯದಲ್ಲಿ ಕಟ್ಟಿಡುವ ಪರಿಪಾಠ ಪುರಾತನವಾದುದು. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಗ್ರೀಕ್ ಕವಿ ಅರಾಟಸ್, ಖಗೋಳಜ್ಞ ಯುಡಾಕ್ಸಸನ ಗದ್ಯಗ್ರಂಥವನ್ನಾಧರಿಸಿ 'ಫೈನೊಮೆನಾ' ಎಂಬ 1154 ಸಾಲುಗಳ ಕಾವ್ಯವನ್ನು ರಚಿಸಿ, ಮೊದಲು ತಾರಾಮಂಡಲಗಳನ್ನೂ ಬಳಿಕ ಮಳೆಗಾಳಿಗಳ ಮುನ್ಸೂಚನೆಗಳನ್ನೂ ವರ್ಣಿಸಿದನು. ಕನ್ನಡದಲ್ಲಿ ಸುಮಾರು 1300ರಲ್ಲಿ ಜೈನಕವಿ ಅರ್ಹದ್ದಾಸನು, ಎಂದರೆ ರಟ್ಟಕವಿಯು, ಮಳೆ, ಮಿಂಚು, ಭೂಕಂಪಾದಿಗಳ ಲಕ್ಷಣಗಳನ್ನು ಹೇಳುವ 'ರಟ್ಟಮತ'ವನ್ನು ಬರೆದನು. ಗ್ರಂಥಗಳು ವಿರಳವಾಗಿದ್ದ ಕಾಲದಲ್ಲಿ ಛಂದಸ್ಸು ನೆನಪಿನ ಊರುಗೋಲಾಗಿತ್ತು.

ಆದರೆ ನಕ್ಷತ್ರವು ಮಳೆಯನ್ನು ತರುವುದೇ? ಸೂರ್ಯನ ಹಾದಿಯಾದ ಕ್ರಾಂತಿವೃತ್ತವನ್ನು 27 ನಕ್ಷತ್ರಗಳಾಗಿ ಪಾಲು ಮಾಡಿದರೆ ಒಂದೊಂದು 13 ಅಂಶ 20 ಕಲೆಯಾಗುವುದು. ಸೂರ್ಯನು ಅದನ್ನು ದಾಟಲು 13-14 ದಿನಗಳು ಬೇಕು; ಆ ದಿನಗಳ ಮಳೆಗೇ ಆ ನಕ್ಷತ್ರದ ಹೆಸರು. ಜೂನ್ 22ರ ಸುಮಾರಿಗೆ ಅವನು ಆರ್ದ್ರೆಯನ್ನು ಪ್ರವೇಶಿಸುವಾಗ ಆ ಕೆಂಪು ತಾರೆ ಹಗಲಿನ ಬೆಳಕಿನಲ್ಲಿ ಮುಳುಗಿ ಕಣ್ಣಿಗೇ ಬೀಳದು. ಆದುದರಿಂದ ಮಳೆನಕ್ಷತ್ರವು ಕಾರಣವಲ್ಲ, ಕಾಲಗಣನೆ. ಮಳೆಯ ಕಾರಣವಾದರೋ ಅರಬ್ಬೀ ಸಮುದ್ರದ ತೇವವನ್ನು ಹೊತ್ತು ಬಂದ ಗಾಳಿ ಪಶ್ಚಿಮಘಟ್ಟವನ್ನೇರಿ ತಣಿಯುವುದರಲ್ಲಿದೆ.

ಈ ಗಣನೆಯೂ ಸ್ಥಿರವಲ್ಲ. ಭೂಮಿಯ ಅಕ್ಷವು ಮೆಲ್ಲನೆ ತಿರುಗುವುದರಿಂದ ಋತುಗಳಿಗೂ ನಕ್ಷತ್ರಗಳಿಗೂ ಸುಮಾರು 72 ವರ್ಷಗಳಿಗೆ ಒಂದು ದಿನದ ಅಂತರ ಬೀಳುವುದು. ಈ ಅಯನಚಲನವನ್ನು ಕಂಡುಹಿಡಿದವನೆಂದು ಪ್ರಖ್ಯಾತನಾದ ಹಿಪ್ಪಾರ್ಕಸನ ಗ್ರಂಥಗಳಲ್ಲಿ ಉಳಿದುಬಂದಿರುವುದು ಅರಾಟಸನ ಕಾವ್ಯದ ವಿಮರ್ಶೆಯೊಂದೇ. ರಟ್ಟಕವಿಯ ಕಾಲದಲ್ಲಿ ಆರ್ದ್ರೆಯ ಪ್ರವೇಶವು, ಇಂದಿನ ಪಂಚಾಂಗದಲ್ಲಿ ಹೇಳುವುದಾದರೆ, ಜೂನ್ 12ರ ಸುಮಾರಿಗೇ ಆಗುತ್ತಿತ್ತು. ಹತ್ತು ದಿನಗಳ ವ್ಯತ್ಯಾಸ ತೋಟದ ಕೆಲಸದಲ್ಲಿ ಅಲ್ಪವಲ್ಲ.

ಆಕಾಶದ ಲಕ್ಷಣಗಳ ಮಾತು ಬೇರೆ. ಚಂದ್ರನ ಸುತ್ತಣ ಪರಿವೇಷವನ್ನು ಅರಾಟಸನೂ ವರಾಹಮಿಹಿರನೂ ಗಮನಿಸಿದರು. ಅತ್ಯುನ್ನತವಾದ ತೆಳುಮೋಡದಲ್ಲಿನ ಷಟ್ಕೋನಾಕೃತಿಯ ಹಿಮಕಣಗಳು ಬೆಳಕನ್ನು ಬಾಗಿಸುವುದರಿಂದ 22 ಅಂಶ ತ್ರಿಜ್ಯದ ಆ ಬಳೆ ಮೂಡುವುದು. ಗ್ರೀಸಿನಂಥ ದೇಶಗಳಲ್ಲಿ ಅಂಥ ಮೋಡದ ಹಿಂದೆ ಹಲವು ವೇಳೆ ಮಳೆ ಬರುವುದುಂಟು. ಘಟ್ಟವನ್ನೇರುವ ಗಾಳಿಯಿಂದ ಸುರಿಯುವ ಮಲೆನಾಡಿನ ಮಳೆಗೆ ಅದೇ ಸೂತ್ರವನ್ನು ಹಾಗೆಯೇ ಅನ್ವಯಿಸಲಾಗದು. ನಕ್ಷತ್ರಗಳು ಎಲ್ಲರಿಗೂ ಒಂದೇ ಆದರೂ ಮಳೆಯ ಲಕ್ಷಣ ಆಯಾ ಪ್ರದೇಶಕ್ಕೆ ಸೇರಿದುದು.

ಹಾಗಾಗಿ ರಟ್ಟಮತವನ್ನು ಕಣ್ಮುಚ್ಚಿ ನಂಬುವುದೂ ಓದದೆ ತಳ್ಳುವುದೂ ಸಮನಾದ ಅನ್ಯಾಯ. ಈ ಸೀಮೆಯ ಎಷ್ಟೋ ತೋಟಗಳಲ್ಲಿ ಮಳೆಮಾಪಕಗಳಿವೆ, ದಿನದಿನದ ಲೆಕ್ಕವೂ ಇದೆ. ಆ ಅಂಕಿಗಳನ್ನು ಮಳೆನಕ್ಷತ್ರಗಳ ಅನುಸಾರ ವಿಂಗಡಿಸಿ ಹಿರಿಯರ ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ, ಯಾವುದು ಅನುಭವ, ಯಾವುದು ಕೇವಲ ನಂಬಿಕೆ ಎಂಬುದು ನಿರ್ಣಯವಾದೀತು; ಲಕ್ಷಣಗಳನ್ನು ಶ್ರದ್ಧೆಯಿಂದ ಕಲೆಹಾಕಿದ ಕವಿಗೆ ನಾವು ಸಲ್ಲಿಸಬಹುದಾದ ಯೋಗ್ಯ ಗೌರವ ಅದೇ.