ಎರಡು ಅಡಿ ಬಾಲ್ಕನಿ, ಎರಡು ಕಿಲೋಮೀಟರ್ ದಾರಿ: ನಿಮ್ಮ ಮನೆಯ ಆರೋಗ್ಯದ ಲೆಕ್ಕ



"ಪರಿಸರ ಉಳಿಸಿ" ಎನ್ನುವ ಸಂದೇಶ ನಮಗೆಲ್ಲ ದಿನಾ ಬರುತ್ತದೆ. ಓದುತ್ತೇವೆ, ಮುಂದೆ ಕಳುಹಿಸುತ್ತೇವೆ, ಮರೆಯುತ್ತೇವೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಫ್ಲ್ಯಾಟಿನಲ್ಲಿ ಇರುವ ನಾವು ಏನು ತಾನೇ ಮಾಡಲು ಸಾಧ್ಯ ಎಂಬ ಬೇಸರವೂ ಇರುತ್ತದೆ. ಆದ್ದರಿಂದ ಇಂದಿನ ಲೇಖನದಲ್ಲಿ ಎರಡೇ ವಿಷಯ. ಒಂದು, ಬಾಲ್ಕನಿಯಲ್ಲಿ ಸೊಪ್ಪು ಬೆಳೆಯುವುದು. ಎರಡು, ಎರಡು ಕಿಲೋಮೀಟರ್ ಒಳಗಿನ ಓಡಾಟಕ್ಕೆ ಗಾಡಿ ಬಿಡುವುದು. ಇವೆರಡರ ಮೊದಲ ಲಾಭ ಭೂಮಿಗಿಂತಲೂ ನಿಮ್ಮ ಮನೆಯವರ ರಕ್ತಕ್ಕೆ.

*ರಕ್ತದ ಎರಡು ಅಂಕಿಗಳು*

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ ಇದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ.

ತಟ್ಟೆಯಲ್ಲಿ ಸೊಪ್ಪು ಕಡಿಮೆಯಾಗುವುದು ಮೊದಲ ತೊಂದರೆಗೆ ಒಂದು ಕಾರಣ. ಕಾಲಿಗೆ ಕೆಲಸ ಕಡಿಮೆಯಾಗುವುದು ಎರಡನೆಯದಕ್ಕೆ ಒಂದು ಕಾರಣ. ಊರು ಬಿಟ್ಟು ಬಂದ ಕುಟುಂಬಗಳಲ್ಲಿ ಇವೆರಡೂ ಒಟ್ಟಿಗೇ ಆಗುತ್ತವೆ. ಹಿತ್ತಲು ಹೋಯಿತು, ನಡಿಗೆಯೂ ಹೋಯಿತು.

*ಬಾಲ್ಕನಿ ಎಷ್ಟು ಕೊಡುತ್ತದೆ? ಸರಿಯಾದ ಲೆಕ್ಕ*

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆಯಂತೆ ಒಬ್ಬ ವಯಸ್ಕರಿಗೆ ದಿನಕ್ಕೆ ಸೊಪ್ಪು ತರಕಾರಿ ಸೇರಿ ಸುಮಾರು 400 ಗ್ರಾಂ ಬೇಕು, ಹಣ್ಣು 100 ಗ್ರಾಂ ಬೇಕು. ನಾಲ್ಕು ಜನರ ಮನೆಗೆ ಅಷ್ಟನ್ನೂ ಬಾಲ್ಕನಿ ಕೊಡಲಾರದು. "ಮನೆಯಲ್ಲೇ ಎಲ್ಲ ತರಕಾರಿ ಬೆಳೆಯಿರಿ" ಎನ್ನುವ ವಿಡಿಯೋ ನೋಡಿ 20 ಕುಂಡ ತಂದವರು ಮೂರು ತಿಂಗಳಲ್ಲಿ ಕೈಬಿಡುವುದು ಇದಕ್ಕೇ.

ಆದರೆ ವಾರಕ್ಕೆ ಒಂದು ಹೊತ್ತಿನ ಸೊಪ್ಪಿನ ಪಲ್ಯ ಅಥವಾ ಸಾರು, ದಿನಾ ಒಗ್ಗರಣೆಗೆ ಕರಿಬೇವು, ತಂಬುಳಿಗೆ ನಾಲ್ಕು ಎಲೆ, ಇಷ್ಟು ಖಂಡಿತ ಸಾಧ್ಯ. ಇನ್ನೊಂದು ಲಾಭವಿದೆ. ಕೊಯ್ದ ಸೊಪ್ಪಿನಲ್ಲಿ ವಿಟಮಿನ್ ಸಿ ಗಂಟೆಗಳು ಕಳೆದಂತೆ ಕಡಿಮೆಯಾಗುತ್ತದೆ. ನೀವು ಕೊಯ್ದು ನೇರ ಒಲೆಗೆ ತಂದಾಗ ಅದು ಹೆಚ್ಚು ಉಳಿದಿರುತ್ತದೆ. ಮಕ್ಕಳಂತೂ ತಾವೇ ನೀರು ಹಾಕಿದ ಸೊಪ್ಪನ್ನು ತಟ್ಟೆಯಲ್ಲಿ ಪಕ್ಕಕ್ಕೆ ಸರಿಸುವುದು ಕಡಿಮೆ.

*ಯಾವ ಸೊಪ್ಪು? ನಿಮ್ಮ ಊರಲ್ಲಿ ಏನೆಂದು ಕೇಳಬೇಕು?*

🌿 *ಬಸಳೆ:* ಬೀಜ ಬೇಕಿಲ್ಲ. ಮಾರುಕಟ್ಟೆಯಿಂದ ತಂದ ದಂಟಿನಲ್ಲಿ ಮೂರು ಗೆಣ್ಣು ಇರುವ ತುಂಡು ನೆಟ್ಟರೆ ಬೇರು ಬಿಡುತ್ತದೆ. ಗ್ರಿಲ್ ಮೇಲೆ ಹಬ್ಬಿಸಬಹುದು. ಮುಂಬೈ, ಪುಣೆಯಲ್ಲಿ ಮಾಯಾಳು, ಹೈದರಾಬಾದಿನಲ್ಲಿ ಬಚ್ಚಲಿ ಕೂರ, ಚೆನ್ನೈಯಲ್ಲಿ ಕೊಡಿ ಪಸಲೈ, ದೆಹಲಿಯಲ್ಲಿ ಪೋಯಿ ಸಾಗ್ ಎಂದು ಕೇಳಿ.

🌿 *ದಂಟು, ಹರಿವೆ:* ಬಿತ್ತಿದ 25ರಿಂದ 30 ದಿನಕ್ಕೆ ಕೊಯ್ಲು. ತೆಲುಗಿನಲ್ಲಿ ತೋಟಕೂರ, ತಮಿಳಿನಲ್ಲಿ ತಂಡು ಕೀರೈ, ಹಿಂದಿಯಲ್ಲಿ ಚೌಲಾಯಿ, ಮರಾಠಿಯಲ್ಲಿ ಮಾಠ.

🌿 *ಮೆಂತ್ಯ:* ನಿಮ್ಮ ಸಾಸಿವೆ ಡಬ್ಬಿಯ ಪಕ್ಕದಲ್ಲಿರುವ ಮೆಂತ್ಯವೇ ಸಾಕು. ರಾತ್ರಿ ನೆನೆಸಿ ಬಿತ್ತಿ. 10-12 ದಿನಕ್ಕೆ ಎಳೆ ಸೊಪ್ಪು, ಮೂರು ನಾಲ್ಕು ವಾರಕ್ಕೆ ಪಲ್ಯದ ಸೊಪ್ಪು. ರೊಟ್ಟಿಯ ಜೊತೆ ಹಸಿ ಮೆಂತ್ಯ ತಿನ್ನುವ ಉತ್ತರ ಕರ್ನಾಟಕದವರಿಗೆ ಇದರ ರುಚಿ ಹೇಳಬೇಕಿಲ್ಲ.

🌿 *ದೊಡ್ಡಪತ್ರೆ (ಸಾಂಬ್ರಾಣಿ):* ಒಂದು ಕೊಂಬೆ ಸಾಕು. ತಮಿಳಿನಲ್ಲಿ ಕರ್ಪೂರವಳ್ಳಿ, ತೆಲುಗಿನಲ್ಲಿ ವಾಮು ಆಕು, ಮರಾಠಿಯಲ್ಲಿ ಓವ್ಯಾಚೆ ಪಾನ. ತಂಬುಳಿಗೆ, ಬಜ್ಜಿಗೆ ಒದಗುತ್ತದೆ. ನೀರು ಹೆಚ್ಚಾದರೆ ಮಾತ್ರ ಕೊಳೆಯುತ್ತದೆ.

🌿 *ಪುದೀನ, ಕರಿಬೇವು:* ಪುದೀನಕ್ಕೆ ಅರೆ ನೆರಳು ಸಾಕು. ಕರಿಬೇವಿಗೆ ಆಳದ ಕುಂಡ, ಒಳ್ಳೆಯ ಬಿಸಿಲು ಬೇಕು.

ಟೊಮೆಟೊ, ಬದನೆ, ಮೆಣಸಿಗೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಮೂರು ನಾಲ್ಕು ಗಂಟೆ ಮಾತ್ರ ಬಿಸಿಲು ಬರುವ ಬಾಲ್ಕನಿಯಾದರೆ ಸೊಪ್ಪಿಗೇ ನಿಲ್ಲಿ.

*ನಾಲ್ಕು ಟ್ರೇ ಸೂತ್ರ*

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಆರೆಂಟು ಇಂಚು ಆಳದ ನಾಲ್ಕು ಟ್ರೇ ತನ್ನಿ. ತಳದಲ್ಲಿ ತೂತು ಇರಲಿ. ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಸಮ ಪಾಲು. ನಾಲ್ಕನ್ನೂ ಒಂದೇ ದಿನ ಬಿತ್ತಬೇಡಿ. ವಾರಕ್ಕೆ ಒಂದು ಟ್ರೇ ಬಿತ್ತಿ. ಐದನೆಯ ವಾರ ಮೊದಲ ಟ್ರೇ ಕೊಯ್ದು ಮತ್ತೆ ಬಿತ್ತಿ. ಆಮೇಲೆ ಪ್ರತಿ ವಾರವೂ ಒಂದು ಹೊತ್ತಿನ ಸೊಪ್ಪು.

*ಊರಿಗೆ ತಕ್ಕ ಕಾಲ*

• ಮುಂಬೈ, ಪುಣೆ: ಜೋರು ಮಳೆಗೆ ಮೆಂತ್ಯ ಕೊಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಬಸಳೆಯ ಕಾಲ. ಮೆಂತ್ಯ, ಕೊತ್ತಂಬರಿ ಅಕ್ಟೋಬರ್ ನಂತರ.
• ಚೆನ್ನೈ: ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್. ಆ ತಿಂಗಳುಗಳಲ್ಲಿ ಟ್ರೇಗಳನ್ನು ಸೂರಿನ ಒಳಗೆ ಎಳೆದುಕೊಳ್ಳಿ.
• ಹೈದರಾಬಾದ್: ಏಪ್ರಿಲ್, ಮೇ ಬಿಸಿಲಿಗೆ ಹಸಿರು ಪರದೆ ಬೇಕು. ದಂಟು, ಬಸಳೆ ತಾಳುತ್ತವೆ.
• ದೆಹಲಿ: ಪಾಲಕ್, ಮೆಂತ್ಯ, ಕೊತ್ತಂಬರಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ. ಬೇಸಿಗೆಗೆ ಚೌಲಾಯಿ ಮತ್ತು ಬಸಳೆ.

*ಎಚ್ಚರ: ಗಿಡ ತಂದು ಕಾಯಿಲೆ ತರಬೇಡಿ*

1. *ಡೆಂಗ್ಯೂ:* ಈಡಿಸ್ ಸೊಳ್ಳೆ ಕುಂಡದ ಕೆಳಗಿನ ತಟ್ಟೆಯ ತಿಳಿ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ತಟ್ಟೆಯ ನೀರು ಚೆಲ್ಲಿ, *ಉಜ್ಜಿ ತೊಳೆದು* ಒಣಗಿಸಿ. ಮೊಟ್ಟೆ ಅಂಚಿಗೆ ಅಂಟಿಕೊಂಡಿರುತ್ತದೆ, ಚೆಲ್ಲಿದರಷ್ಟೇ ಸಾಲದು.
2. *ನೀರು:* ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಹಾಕಬಹುದು. ವಾಷಿಂಗ್ ಮಷಿನ್ ನೀರು, ಶುದ್ಧೀಕರಿಸಿದ ಕೊಳಚೆ ನೀರು ಸೊಪ್ಪಿಗೆ ಬೇಡ.
3. *ಗೊಬ್ಬರ:* ಹಸಿ ಸಗಣಿ ಹಾಕಬೇಡಿ. ಪೂರ್ತಿ ಕಳಿತ ಗೊಬ್ಬರ ಮಾತ್ರ. ಹಸಿಯಾಗಿ ತಿನ್ನುವ ಸೊಪ್ಪಿಗೆ ಇದು ಇನ್ನೂ ಮುಖ್ಯ.
4. *ಡಬ್ಬಿ:* ಹಳೆಯ ಪೇಂಟ್ ಡಬ್ಬ, ಕೆಮಿಕಲ್ ಡ್ರಮ್ ಬೇಡ. ದೊಡ್ಡ ರಸ್ತೆಗೆ ಮುಖ ಮಾಡಿದ ಬಾಲ್ಕನಿಯಾದರೆ ಎಲೆಯ ಮೇಲೆ ಧೂಳು ಕೂರುತ್ತದೆ, ಎರಡು ಮೂರು ನೀರಲ್ಲಿ ತೊಳೆಯಿರಿ.
5. *ಭಾರ:* ಒದ್ದೆ ಮಣ್ಣು ತುಂಬಿದ ಒಂದು ಅಡಿ ಕುಂಡ 25 ಕಿಲೋ ದಾಟಬಹುದು. ಕಟ್ಟೆಯ ಮೇಲೆ ಇಡಬೇಡಿ. ಬಿದ್ದರೆ ಕೆಳಗಿರುವವರ ಜೀವ.

*ಸೊಪ್ಪು ತಿಂದರೆ ಸಾಲದು, ಮೈಗೆ ಹತ್ತಬೇಕು*

ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ನಮ್ಮ ಕರುಳು ಸುಲಭವಾಗಿ ಹೀರುವುದಿಲ್ಲ. ವಿಟಮಿನ್ ಸಿ ಜೊತೆಗಿದ್ದರೆ ಹೀರುವಿಕೆ ಹೆಚ್ಚುತ್ತದೆ. ಆದ್ದರಿಂದ ಪಲ್ಯ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ಅಥವಾ ಊಟದ ಜೊತೆ ನೆಲ್ಲಿಕಾಯಿ, ಸೀಬೆಹಣ್ಣು ಇರಲಿ. ಕಾಫಿ, ಚಹಾ ಇದಕ್ಕೆ ವಿರುದ್ಧ ಕೆಲಸ ಮಾಡುತ್ತವೆ. ಊಟ ಮುಗಿಸಿ ಕೈ ಒಣಗುವ ಮೊದಲೇ ಕಾಫಿ ಲೋಟ ಹಿಡಿಯುವ ಅಭ್ಯಾಸ ಇದ್ದರೆ ಒಂದು ಗಂಟೆ ಮುಂದೆ ಹಾಕಿ.

ಒಂದು ಮಾತು ಸ್ಪಷ್ಟವಾಗಿರಲಿ. ಮಹಿಳೆಯರಿಗೆ ದಿನಕ್ಕೆ ಶಿಫಾರಸಾದ ಕಬ್ಬಿಣಾಂಶ 29 ಮಿಲಿಗ್ರಾಂ. ಸೊಪ್ಪೊಂದರಿಂದ ಅದು ತುಂಬುವುದಿಲ್ಲ. ಮಾಳಿಗೆ ಹತ್ತಿದರೆ ಏದುಸಿರು, ಸದಾ ಸುಸ್ತು, ತಲೆಸುತ್ತು ಇದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಗರ್ಭಿಣಿಯಲ್ಲದ ಮಹಿಳೆಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ವೈದ್ಯರು ಬರೆದ ಮಾತ್ರೆಯ ಬದಲಿಗೆ ಸೊಪ್ಪಲ್ಲ, ಮಾತ್ರೆಯ ಜೊತೆಗೆ ಸೊಪ್ಪು.

ಮೂತ್ರಪಿಂಡದ ಕಲ್ಲು ಅಥವಾ ಕಾಯಿಲೆ ಇರುವವರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ವೈದ್ಯರಿಗೆ ಕೇಳಿಯೇ ಹೆಚ್ಚಿಸಿ.

*ಈಗ ಎರಡು ಕಿಲೋಮೀಟರಿನ ಲೆಕ್ಕ*

ನಿಮ್ಮ ಮನೆಯಿಂದ ತರಕಾರಿ ಅಂಗಡಿ, ಸ್ಕೂಲು, ಸ್ಟೇಷನ್, ದೇವಸ್ಥಾನ, ಕನ್ನಡ ಸಂಘ ಎಷ್ಟು ದೂರ? ಹೆಚ್ಚಿನವರಿಗೆ ಇವುಗಳಲ್ಲಿ ಒಂದಾದರೂ ಎರಡು ಕಿಲೋಮೀಟರ್ ಒಳಗೆ ಇರುತ್ತದೆ.

ಎರಡು ಕಿಲೋಮೀಟರ್ ಚುರುಕಾಗಿ ನಡೆಯಲು ಸುಮಾರು 25 ನಿಮಿಷ. ವಾರಕ್ಕೆ ಆರು ದಿನ, ಒಂದು ಕಡೆ ಮಾತ್ರ ನಡೆದರೂ 150 ನಿಮಿಷ. ವಯಸ್ಕರಿಗೆ ವಾರಕ್ಕೆ ಕನಿಷ್ಠ ಇಷ್ಟು ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಜಿಮ್ ಫೀಸಿಲ್ಲದೆ, ಬೇರೆ ಸಮಯ ತೆಗೆಯದೆ ಅದು ಮುಗಿಯಿತು.

ಈಗ ದುಡ್ಡು ಮತ್ತು ಹೊಗೆ. ಸ್ಕೂಲು ಎರಡು ಕಿಲೋಮೀಟರ್ ದೂರವಿದ್ದು, ಬೆಳಿಗ್ಗೆ ಬಿಟ್ಟು ಬಂದು ಸಂಜೆ ಕರೆತಂದರೆ ದಿನಕ್ಕೆ 8 ಕಿಲೋಮೀಟರ್. ವರ್ಷಕ್ಕೆ 220 ಶಾಲಾ ದಿನ ಎಂದರೆ 1,760 ಕಿಲೋಮೀಟರ್.

🛵 ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರ್: ಸುಮಾರು 39 ಲೀಟರ್ ಪೆಟ್ರೋಲ್.
🚗 ಪೇಟೆಯಲ್ಲಿ 12 ಕಿಲೋಮೀಟರ್ ಕೊಡುವ ಕಾರು: ಸುಮಾರು 147 ಲೀಟರ್.

ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ಕಾರಿಗೆ 14,700 ರೂಪಾಯಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈ ಆಕ್ಸೈಡ್. ಅಂದರೆ ಆ ಕಾರಿನಿಂದ 330 ಕಿಲೋಗೂ ಹೆಚ್ಚು. ಅದರ ಮೇಲೆ, ತಣ್ಣಗಿನ ಎಂಜಿನ್ ಹೆಚ್ಚು ಇಂಧನ ಕುಡಿದು ಹೆಚ್ಚು ಹೊಗೆ ಬಿಡುತ್ತದೆ. ಸ್ಕೂಲ್ ಗೇಟಿನ ಮುಂದೆ ಎಂಜಿನ್ ಆರಿಸದೆ ನಿಂತ ಗಾಡಿಗಳ ಹೊಗೆಯನ್ನು ಉಸಿರಾಡುವವರು ನಮ್ಮ ಮಕ್ಕಳೇ.

ಚಿಕ್ಕ ಮಕ್ಕಳಿಗೆ ಎರಡು ಕಿಲೋಮೀಟರ್ ದೂರವಾಯಿತು ಎನಿಸಿದರೆ ಒಂದು ಕಿಲೋಮೀಟರ್ ಒಳಗಿನದ್ದಕ್ಕೆ ಮಾತ್ರ ನಡೆಸಿ. ಸೊಸೈಟಿಯ ನಾಲ್ಕೈದು ಮಕ್ಕಳನ್ನು ಒಟ್ಟುಗೂಡಿಸಿ, ದಿನಕ್ಕೊಬ್ಬ ಹಿರಿಯರು ಜೊತೆ ಹೋಗಲಿ. ಮಕ್ಕಳಿಗೆ ದಿನಕ್ಕೆ 60 ನಿಮಿಷ ಓಡಾಟ ಬೇಕು. ಅದರಲ್ಲಿ ಒಂದು ಪಾಲು ಇಲ್ಲೇ ಸಿಕ್ಕಿತು.

ಮಧುಮೇಹ ಇರುವ ಹಿರಿಯರಿಗೆ ಊಟದ ನಂತರ 10-15 ನಿಮಿಷದ ನಿಧಾನ ನಡಿಗೆಯೂ ಔಷಧಿಯ ಹಾಗೆ. ನಡೆಯುವಾಗ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ, ಊಟದ ನಂತರದ ಏರಿಕೆ ತಗ್ಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇಟ್ಟುಕೊಳ್ಳಿ. ನಡೆದಾಗ ಎದೆ ಹಿಡಿದರೆ ಮೊದಲು ವೈದ್ಯರ ಬಳಿ.

*ಯಾವಾಗ ನಡೆಯಬಾರದು?*

ಗಾಳಿಯಲ್ಲಿರುವ ಸೂಕ್ಷ್ಮ ಧೂಳಿಗೆ (ಪಿಎಂ 2.5) ವಿಶ್ವ ಆರೋಗ್ಯ ಸಂಸ್ಥೆಯ ವಾರ್ಷಿಕ ಮಿತಿ 5 ಮೈಕ್ರೋಗ್ರಾಂ, ನಮ್ಮ ದೇಶದ ಮಿತಿ 40. ದೆಹಲಿಯ ಚಳಿಗಾಲದಲ್ಲಿ ಇದು ಎಷ್ಟೋ ಪಟ್ಟು ಮೀರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪಿನಲ್ಲಿ ನಿಮ್ಮ ಊರಿನ ವಾಯು ಸೂಚ್ಯಂಕ ನೋಡಿ. 300 ದಾಟಿದ ದಿನ ಹೊರಗಿನ ಬಿರುಸು ನಡಿಗೆ ಬೇಡ, ಮನೆಯ ಒಳಗೆ ಅಥವಾ ಕಟ್ಟಡದ ಕಾರಿಡಾರಿನಲ್ಲಿ ನಡೆಯಿರಿ. ಹೊರಹೋಗಲೇಬೇಕಾದರೆ ಎನ್ 95 ಮಾಸ್ಕ್. ಬಟ್ಟೆಯ ಮಾಸ್ಕ್ ಸೂಕ್ಷ್ಮ ಧೂಳಿಗೆ ಸಾಲದು. ಅಸ್ತಮಾ, ಹೃದಯದ ತೊಂದರೆ ಇರುವವರು 200 ದಾಟಿದಾಗಲೇ ಎಚ್ಚರ. ಉಳಿದ ದಿನಗಳಲ್ಲೂ ದೊಡ್ಡ ರಸ್ತೆ ಬಿಟ್ಟು ಒಳರಸ್ತೆ ಹಿಡಿಯಿರಿ. ರಸ್ತೆಯಿಂದ ದೂರ ಸರಿದಷ್ಟೂ ಹೊಗೆ ಕಡಿಮೆ.

*ದೂರದ ದಾರಿಗೆ*

ಎಲ್ಲವನ್ನೂ ನಡೆದು ಮುಗಿಸಲಾಗದು. ಅದಕ್ಕೆ ರೈಲು, ಮೆಟ್ರೋ, ಬಸ್ಸು ಇವೆ. ಮುಂಬೈಗೆ 1853ರಿಂದಲೇ ರೈಲಿದೆ. ದೆಹಲಿ ಮೆಟ್ರೋ 2002ರಲ್ಲಿ, ಚೆನ್ನೈ 2015ರಲ್ಲಿ, ಹೈದರಾಬಾದ್ 2017ರಲ್ಲಿ, ಪುಣೆ 2022ರಲ್ಲಿ ಓಡಲು ಶುರುವಾಯಿತು. ಸ್ಟೇಷನ್‌ಗೆ ನಡಿಗೆ, ಮೆಟ್ಟಿಲು, ಅಲ್ಲಿಂದ ಆಫೀಸಿಗೆ ನಡಿಗೆ. ರೈಲಿನ ಟಿಕೆಟ್ಟಿನಲ್ಲಿ ವ್ಯಾಯಾಮವೂ ಸೇರಿದೆ. ಮಂಡಿನೋವು ಇರುವವರು ಮಾತ್ರ ಲಿಫ್ಟ್ ಬಳಸಿ, ಅದರಲ್ಲಿ ಸಂಕೋಚವಿಲ್ಲ.

*ಮೊದಲ ತಿಂಗಳಿಗೆ ಇಷ್ಟೇ ಮಾಡಿ*

✅ 1ನೇ ವಾರ: ಬಾಲ್ಕನಿಗೆ ಎಷ್ಟು ಗಂಟೆ ಬಿಸಿಲು ಬರುತ್ತದೆ ನೋಡಿ. ಒಂದು ಟ್ರೇ ಮೆಂತ್ಯ ಬಿತ್ತಿ.
✅ 2ನೇ ವಾರ: ಬಸಳೆ ದಂಟು ನೆಡಿ. ಒಂದು ಓಡಾಟವನ್ನು, ಉದಾಹರಣೆಗೆ ತರಕಾರಿ ಅಂಗಡಿಯದು, ನಡಿಗೆಗೆ ಬದಲಾಯಿಸಿ.
✅ 3ನೇ ವಾರ: ದಂಟು ಬಿತ್ತಿ. ಮನೆಯ ಮಹಿಳೆಯರೆಲ್ಲರ ಹಿಮೋಗ್ಲೋಬಿನ್, 30 ದಾಟಿದವರೆಲ್ಲರ ಸಕ್ಕರೆ ಪರೀಕ್ಷೆ ಮಾಡಿಸಿ ಬರೆದಿಡಿ.
✅ 4ನೇ ವಾರ: ಕೊನೆಯ ಟ್ರೇ ಬಿತ್ತಿ. ಮೊದಲ ಸೊಪ್ಪು ಕೊಯ್ದು, ನಿಂಬೆ ಹಿಂಡಿ, ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಿ.

ಮೂರು ತಿಂಗಳ ನಂತರ ಅದೇ ಪರೀಕ್ಷೆ ಮತ್ತೆ ಮಾಡಿಸಿ, ಬರೆದಿಟ್ಟ ಅಂಕಿಯ ಪಕ್ಕ ಹೊಸದನ್ನು ಬರೆಯಿರಿ. ಅಂಕಿ ಸುಧಾರಿಸದಿದ್ದರೆ ಆ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ. ಎಷ್ಟೋ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವವರ ರಕ್ತವೇ ಎಲ್ಲರಿಗಿಂತ ಕಡಿಮೆ ಇರುತ್ತದೆ. ಅವರ ತಟ್ಟೆಗೆ ಸೊಪ್ಪು ಮೊದಲು ಬೀಳಲಿ.

ಈ ಮಾಹಿತಿ ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಔಷಧಿಯನ್ನು ವೈದ್ಯರಿಗೆ ಕೇಳದೆ ನಿಲ್ಲಿಸಬೇಡಿ, ಬದಲಿಸಬೇಡಿ. ಉಪಯುಕ್ತ ಎನಿಸಿದರೆ ನಿಮ್ಮ ಸೊಸೈಟಿಯ, ಬಳಗದ ಕನ್ನಡಿಗರಿಗೆ ಕಳುಹಿಸಿ. ಬಸಳೆ ಹಬ್ಬಿದವರು ಪಕ್ಕದ ಮನೆಗೂ ಒಂದು ದಂಟು ಕೊಡಿ. 🌱