ಮೇಣದ ಗಂಟು, ಇಸ್ತ್ರಿಯ ನಂಟು

ಶಾಲೆಯ ಬಿಳಿ ಅಂಗಿಗೆ ಗಂಜಿ ಹಾಕಿ, ಒಣಗಿಸಿ, ಮತ್ತೆ ನೀರು ಚಿಮುಕಿಸಿ ಸುತ್ತಿಟ್ಟು, ಆಮೇಲೆ ಕೆಂಡ ತುಂಬಿದ ಹಿತ್ತಾಳೆ ಪೆಟ್ಟಿಗೆಯಿಂದ ತೀಡಿದರೆ ಅದಕ್ಕೆ ಬರುವ ಗರಿಯೇ ಬೇರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಹಳೆಯ ಮನೆಗಳ ಅಟ್ಟ ತಡಕಿದರೆ ಅಂಥದೊಂದು ಪೆಟ್ಟಿಗೆ ಇಂದೂ ಸಿಕ್ಕೀತು. ಐದಾರು ಕಿಲೋ ಭಾರ, ಮರದ ಹಿಡಿ, ಗಾಳಿಯಾಡಲು ಪಕ್ಕದಲ್ಲಿ ಸಾಲು ತೂತು. ಆದರೆ ಪೆಟ್ಟಿಗೆಯ ಜೊತೆಗಿರಬೇಕಾದ ಒಂದು ಚಿಕ್ಕ ಸಾಧನ ಮಾತ್ರ ಸಿಗುವುದು ಅಪರೂಪ. ಅದೇ ಮೇಣದ ಗಂಟು.

ಹಳೆಯ ಹತ್ತಿಬಟ್ಟೆಯ ಮಡಿಕೆಯೊಳಗೆ ಒಂದು ತುಂಡು ಜೇನುಮೇಣ ಇಟ್ಟು ಕಟ್ಟಿದರೆ ಮೇಣದ ಗಂಟು ಸಿದ್ಧ. ಬಿಸಿ ಇಸ್ತ್ರಿಯ ತಳವನ್ನು ಅದರ ಮೇಲೆ ಒಮ್ಮೆ ಎಳೆದು, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು, ಭಾರದ ಪೆಟ್ಟಿಗೆ ಬಟ್ಟೆಯ ಮೇಲೆ ಸಲೀಸಾಗಿ ಜಾರುತ್ತದೆ. ಜೇನುಮೇಣ ಸಿಗದ ಕಡೆ ಮೋಂಬತ್ತಿಯ ತುಂಡೂ ಆದೀತು. ಇಷ್ಟು ಸರಳವಾದ ಸಾಧನದಲ್ಲಿ ಹೈಸ್ಕೂಲು ವಿಜ್ಞಾನದ ನಾಲ್ಕಾರು ಪಾಠಗಳು ಅಡಗಿವೆ ಎಂದರೆ ಅಚ್ಚರಿಯಾದೀತು. ಮಕ್ಕಳು ಮಾತ್ರವಲ್ಲ, ‘ಓದದಿದ್ದರೆ ಇಸ್ತ್ರಿ ಹಾಕಬೇಕಾದೀತು’ ಎಂದು ಮಕ್ಕಳನ್ನು ಹೆದರಿಸುವ ಪಾಲಕರೂ ಇದನ್ನು ಗಮನಿಸಬೇಕು.

ಅಂಟುವುದು ಏಕೆ?

ಹತ್ತಿಯ ಎಳೆ ಎಂದರೆ ಸೆಲ್ಯುಲೋಸ್ ಎಂಬ ಉದ್ದನೆಯ ಸರಪಳಿಗಳ ಕಟ್ಟು. ಈ ಸರಪಳಿಗಳನ್ನು ಜಲಜನಕದ ದುರ್ಬಲ ಬಂಧಗಳು ಒಂದಕ್ಕೊಂದು ಹಿಡಿದಿಟ್ಟಿರುತ್ತವೆ. ನೀರು ಮತ್ತು ಶಾಖ ತಗುಲಿದಾಗ ಬಂಧಗಳು ಸಡಿಲವಾಗುತ್ತವೆ. ಆಗ ಭಾರ ಬಿದ್ದರೆ ಎಳೆಗಳು ನೇರವಾಗುತ್ತವೆ. ಆರಿದ ಮೇಲೆ ಬಂಧಗಳು ಹೊಸ ಜಾಗದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಸುಕ್ಕು ಹೋಗುವುದು ಹೀಗೆ. ‘ಇಸ್ತ್ರಿ’ ಎಂಬ ಮಾತೂ ಎಳೆದು ನೇರ ಮಾಡು ಎಂಬರ್ಥದ ‘ಎಸ್ತಿರಾರ್’ ಎಂಬ ಪೋರ್ಚುಗೀಸ್ ಪದದಿಂದ ಬಂದದ್ದೆನ್ನುತ್ತಾರೆ.

ತೊಡಕು ಬರುವುದು ಗಂಜಿಯಿಂದ. ಅನ್ನದ ಗಂಜಿ ಎಂದರೆ ಪಿಷ್ಟ. ಅದು ಒದ್ದೆಯಾಗಿ ಬಿಸಿಯಾದಾಗ ಅಂಟಾಗುತ್ತದೆ. ಲೋಹದ ತಳಕ್ಕೆ ಹತ್ತಿಕೊಂಡು, ಅಲ್ಲೇ ಸುಟ್ಟು ಕಂದು ಕಲೆಯಾಗುತ್ತದೆ. ಮುಂದಿನ ಅಂಗಿಗೆ ಆ ಕಲೆ ಬಳಿದುಕೊಳ್ಳುತ್ತದೆ. ಪಾಂಡವಪುರದ ಕಬ್ಬಿನ ಸೀಮೆಯಲ್ಲಿ ಆಲೆಮನೆ ನೋಡಿದವರಿಗೆ ಇದು ಹೊಸತಲ್ಲ. ಪಾಕ ಗಟ್ಟಿಯಾಗುತ್ತ ಬಂದಂತೆ ಕೊಪ್ಪರಿಗೆಯ ಅಂಚಿಗೆ ಅಂಟಿ ಸೀಯುತ್ತದೆ. ಬೆಲ್ಲ ಸುರಿಯುವ ಮೊದಲು ಅಚ್ಚಿನ ಮಣೆಯನ್ನು ನೆನೆಸುವುದೂ ಅದು ಅಂಟದಿರಲೆಂದೇ. ಎರಡು ಮೈಗಳ ನಡುವೆ ತೆಳುವಾದ ಮೂರನೆಯ ಪದರವೊಂದನ್ನು ತಂದರೆ ಅಂಟು ತಪ್ಪುತ್ತದೆ. ಆಲೆಮನೆಯಲ್ಲಿ ಆ ಪದರ ನೀರು, ಇಸ್ತ್ರಿಯಲ್ಲಿ ಮೇಣ.

ಮೇಣದ ಮೂರು ಕೆಲಸ

ಹಳೆಯ ಇಸ್ತ್ರಿಯ ತಳ ಕಣ್ಣಿಗೆ ನುಣುಪಾಗಿ ಕಂಡರೂ ಭೂತಗನ್ನಡಿಯಲ್ಲಿ ನೋಡಿದರೆ ಗೀರು, ಗುಳಿಗಳ ಬಯಲು. ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಇಸ್ತ್ರಿಯ ಬಿಸಿ ಅದರ ಎರಡು ಮೂರು ಪಟ್ಟು. ಹಾಗಾಗಿ ತಾಗಿದ ಕೂಡಲೇ ಮೇಣ ದ್ರವವಾಗಿ ಗುಳಿಗಳಲ್ಲಿ ತುಂಬಿಕೊಂಡು ಘರ್ಷಣೆಯನ್ನು ತಗ್ಗಿಸುತ್ತದೆ. ಇದು ಮೊದಲ ಕೆಲಸ.

ಮೇಣಕ್ಕೂ ನೀರಿಗೂ ಆಗಿಬರುವುದಿಲ್ಲ. ಆದ್ದರಿಂದ ನೀರಿನಿಂದ ಕೂಡಿದ ಪಿಷ್ಟ ತಳಕ್ಕೆ ಸುಲಭವಾಗಿ ಹತ್ತಿಕೊಳ್ಳುವುದಿಲ್ಲ. ಇದು ಎರಡನೆಯ ಕೆಲಸ. ಮೂರನೆಯದು ಪೆಟ್ಟಿಗೆ ಆರಿದ ಮೇಲೆ. ತಳದ ಮೇಲೆ ಹೆಪ್ಪುಗಟ್ಟಿದ ಮೇಣದ ತೆಳುಪದರ ಗಾಳಿಯ ತೇವವನ್ನು ತಡೆದು, ಕಬ್ಬಿಣವಾದರೆ ತುಕ್ಕು, ಹಿತ್ತಾಳೆಯಾದರೆ ಕಿಲುಬು ಬೇಗ ಬಾರದಂತೆ ಕಾಯುತ್ತದೆ.

ಈ ಉಪಾಯ ಒಂದೇ ನಾಡಿನದಲ್ಲ. ಅಮೆರಿಕದ ಅಯೋವಾ ಪ್ರಾಂತ್ಯದ ಮೇರಿ ಫ್ಲಾರೆನ್ಸ್ ಪಾಟ್ಸ್ ಎಂಬ ಗೃಹಿಣಿ 1871ರಲ್ಲಿ ಕಳಚಿ ಹಾಕಬಹುದಾದ ಹಿಡಿಯುಳ್ಳ ಇಸ್ತ್ರಿಗೆ ಪೇಟೆಂಟ್ ಪಡೆದರು. ಒಂದು ಕಬ್ಬಿಣ ಕೈಯಲ್ಲಿದ್ದರೆ ಇನ್ನೆರಡು ಒಲೆಯ ಮೇಲೆ ಕಾಯುತ್ತಿದ್ದವು. ಅಂಥ ಗಟ್ಟಿ ಕಬ್ಬಿಣಗಳ ಕಾಲದಲ್ಲಿ ಅಲ್ಲಿನ ಗೃಹಿಣಿಯರೂ ಬಟ್ಟೆಯಲ್ಲಿ ಸುತ್ತಿದ ಜೇನುಮೇಣವನ್ನು ಇಸ್ತ್ರಿ ಹಲಗೆಯ ಬಳಿ ಇಟ್ಟುಕೊಳ್ಳುತ್ತಿದ್ದರು. ಮರದ ಹಿಡಿ ಜೋಡಿಸಿದ ಮೇಣದ ತುಂಡುಗಳು ಅಂಗಡಿಯಲ್ಲೂ ದೊರೆಯುತ್ತಿದ್ದವು. ಫಿಲಿಪೀನ್ಸ್ ದೇಶದವರದು ಇನ್ನೂ ಸುಲಭದ ದಾರಿ. ಅವರು ಕೆಂಡದ ಪೆಟ್ಟಿಗೆಯನ್ನು ಬಾಳೆಎಲೆಯ ಮೇಲೆ ತೀಡುತ್ತಿದ್ದರು. ಬಾಳೆಎಲೆಯ ಮೇಲೆ ಸುರಿದ ಸಾರು ನೆನೆಯದೆ ಉರುಳಿ ಓಡುವುದೇಕೆ? ಅದರ ಮೈಮೇಲೆ ನಿಸರ್ಗವೇ ಬಳಿದ ಮೇಣವಿದೆ. ಅದೇ ಮೇಣ ಅಲ್ಲಿ ಇಸ್ತ್ರಿಗೂ ಬಂತು.

ಮನೆಯಲ್ಲೇ ಮಾಡಿ ನೋಡಿ

ಬೇಕಾದದ್ದು ಇಷ್ಟೆ: ಸುಮಾರು 50 ಗ್ರಾಂ ಶುದ್ಧ ಜೇನುಮೇಣ, ಅಂಗೈ ಅಗಲದ ಮರದ ಹಲಗೆ, ಹಳೆಯ ಹತ್ತಿಬಟ್ಟೆ. ಮೇಣವನ್ನು ಚಾಕುವಿನಿಂದ ಹೆರೆದು ಬಟ್ಟೆಯ ಎರಡು ಮಡಿಕೆಗಳ ನಡುವೆ ಸಮನಾಗಿ ಹರಡಿ. ಅಂಚು ಹೊಲಿಯಿರಿ. ಅದನ್ನು ಹಲಗೆಗೆ ಬಿಗಿದು, ಅಂಚುಗಳನ್ನು ಹಲಗೆಯ ಹಿಂಬದಿಯಲ್ಲಿ ಸಣ್ಣ ಮೊಳೆ ಹೊಡೆದು ಕೂರಿಸಿ. ಹಲಗೆಯಿದ್ದರೆ ಕೈ ಇಸ್ತ್ರಿಯಿಂದ ದೂರ ಇರುತ್ತದೆ.

ಬಿಸಿ ತಳವನ್ನು ಮೇಣದ ಮೇಲೆ ಒಮ್ಮೆ ಎಳೆಯಿರಿ, ನಿಲ್ಲಿಸಬೇಡಿ. ಮೇಣ ಬಟ್ಟೆಯ ನೂಲುಗಳ ಮೂಲಕ ಹದವಾಗಿ ಒಸರುತ್ತದೆ. ಆಮೇಲೆ ಹಳೆಯ ಒಣಬಟ್ಟೆಯ ಮೇಲೆ ನಾಲ್ಕಾರು ಬಾರಿ ತೀಡಿ ಹೆಚ್ಚಾದದ್ದನ್ನು ತೆಗೆಯಲೇಬೇಕು. ಇಲ್ಲದಿದ್ದರೆ ಅಂಗಿಗೆ ಜಿಡ್ಡಿನ ಕಲೆ ಖಚಿತ. ಕಲೆ ಬಿದ್ದರೂ ಗಾಬರಿ ಬೇಡ. ಕಲೆಯ ಮೇಲೆ, ಕೆಳಗೆ ಅಚ್ಚಿಲ್ಲದ ಖಾಕಿ ಕಾಗದ ಇಟ್ಟು ಬೆಚ್ಚಗಿನ ಇಸ್ತ್ರಿ ಆಡಿಸಿದರೆ ಕರಗಿದ ಮೇಣವನ್ನು ಕಾಗದ ಹೀರಿಕೊಳ್ಳುತ್ತದೆ. ದೀಪದ ಬತ್ತಿಗೆ ಎಣ್ಣೆ ಏರುವುದೂ ಇದೇ ಬಗೆಯಲ್ಲಿ. ತಳದಲ್ಲಿ ಮೊದಲೇ ಗಂಜಿ ಸುಟ್ಟು ಕೂತಿದ್ದರೆ, ಕಾಗದದ ಮೇಲೆ ಪುಡಿಯುಪ್ಪು ಹರಡಿ ಅದರ ಮೇಲೆ ಇಸ್ತ್ರಿಯನ್ನು ಆಡಿಸಿ, ಒರೆಸಿ, ಆಮೇಲೆ ಮೇಣ ಹಚ್ಚಬೇಕು.

ಎರಡು ಎಚ್ಚರಿಕೆ. ಕೆಂಡ, ಮೇಣ ಎರಡೂ ಇರುವ ಕೆಲಸವಾದ್ದರಿಂದ ಹಿರಿಯರೊಬ್ಬರು ಪಕ್ಕದಲ್ಲಿರಲಿ. ಇನ್ನು, ಆವಿಯ ರಂಧ್ರಗಳಿರುವ ಅಥವಾ ನಾನ್‌ಸ್ಟಿಕ್ ತಳದ ವಿದ್ಯುತ್ ಇಸ್ತ್ರಿಗೆ ಮೇಣ ಹಚ್ಚಬಾರದು. ರಂಧ್ರಗಳು ಕಟ್ಟಿಕೊಂಡಾವು.

ನಾಗಮಂಗಲದ ಮೇಣ, ಲೋಹ

ಮೇಣ ಮತ್ತು ಲೋಹದ ಸ್ನೇಹವನ್ನು ನಾಗಮಂಗಲಕ್ಕೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಹಿತ್ತಾಳೆ, ಕಂಚಿನ ದೀಪ, ವಿಗ್ರಹಗಳ ಎರಕಕ್ಕೆ ಆ ಊರು ಹೆಸರುವಾಸಿ. ವಿಗ್ರಹವನ್ನು ಮೊದಲು ಮೇಣದಲ್ಲಿ ರೂಪಿಸಿ, ಸುತ್ತ ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಯಬಿಟ್ಟು, ಖಾಲಿಯಾದ ಜಾಗಕ್ಕೆ ಕರಗಿದ ಲೋಹ ಸುರಿಯುವ ಕಲೆ ಕರ್ನಾಟಕದಲ್ಲಿ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಈ ವಿಧಾನವನ್ನು ವಿವರಿಸುತ್ತದೆ. ಮೇಣದ ರೂಪವನ್ನು ತೂಗಿ, ಅದರ ಇಂತಿಷ್ಟು ಪಟ್ಟು ಲೋಹ ತೆಗೆದುಕೊಳ್ಳಬೇಕೆಂಬ ಲೆಕ್ಕವೂ ಅಲ್ಲಿದೆ.

ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಬಹುದು. ಜೇನುಮೇಣದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.96 ಗ್ರಾಂ, ಹಿತ್ತಾಳೆಯದು ಸುಮಾರು 8.5 ಗ್ರಾಂ. ಭಾಗಿಸಿದರೆ ಹೆಚ್ಚು ಕಡಿಮೆ 9 ಪಟ್ಟು. ಅಂದರೆ 100 ಗ್ರಾಂ ಮೇಣದ ಬೊಂಬೆ ತುಂಬಲು 900 ಗ್ರಾಂನಷ್ಟು ಹಿತ್ತಾಳೆ ಬೇಕು. ಎರಕದ ಮನೆಯಲ್ಲಿ ಮೇಣ ಜಾಗ ಬಿಟ್ಟುಕೊಟ್ಟು ಹೋಗುತ್ತದೆ. ಇಸ್ತ್ರಿಯ ತಳದಲ್ಲಿ ಜಾಗ ಹಿಡಿದು ನಿಲ್ಲುತ್ತದೆ. ಎರಡೂ ಕಡೆ ದುಡಿಯುವುದು ಒಂದೇ ಗುಣ, ಕಡಿಮೆ ಶಾಖಕ್ಕೆ ಕರಗುವ ಗುಣ.

ಹನಿ ನೀರಿನ ಥರ್ಮಾಮೀಟರ್

ಈಗಿನ ವಿದ್ಯುತ್ ಇಸ್ತ್ರಿಗಳ ಮೇಲೆ ಚುಕ್ಕಿಗಳಿರುತ್ತವೆ. ಒಂದು ಚುಕ್ಕಿ ಎಂದರೆ 110 ಡಿಗ್ರಿ, ಎರಡು 150, ಮೂರು 200. ರೇಷ್ಮೆ, ಉಣ್ಣೆಗೆ ಎರಡರೊಳಗೆ, ಹತ್ತಿಗೆ ಮೂರು. ಕೆಂಡದ ಪೆಟ್ಟಿಗೆಗೆ ಚುಕ್ಕಿ ಎಲ್ಲಿಯದು? ಅದಕ್ಕೆ ನೀರಿನ ಹನಿಯೇ ಮಾಪಕ. ತಳದ ಮೇಲೆ ಚಿಮುಕಿಸಿದ ಹನಿ ಹರಡಿಕೊಂಡು ನಿಧಾನ ಆರಿದರೆ ಕಾವು ಸಾಲದು. ಚುರ್ ಎಂದು ಆವಿಯಾದರೆ ಹದ ಬಂದಿದೆ. ಹನಿ ಗುಂಡಗಾಗಿ ಮುತ್ತಿನಂತೆ ಕುಣಿದು ಓಡಿದರೆ ಕಾವು ಅತಿಯಾಗಿದೆ. ರೇಷ್ಮೆಯ ಬಳಿಗೆ ಒಯ್ಯಬಾರದು.

ಬಹಳ ಬಿಸಿಯಾದ ಲೋಹದ ಮೇಲೆ ಹನಿ ಬೇಗ ಆರದೆ ಕುಣಿಯುವುದು ವಿಚಿತ್ರವಲ್ಲವೆ? ಹನಿಯ ಅಡಿಯಲ್ಲಿ ಕ್ಷಣಾರ್ಧದಲ್ಲಿ ಆವಿಯ ಹಾಸಿಗೆ ಏರ್ಪಟ್ಟು, ಹನಿ ಲೋಹವನ್ನು ಮುಟ್ಟದೆ ತೇಲುತ್ತದೆ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ಇದರ ಬಗ್ಗೆ ಬರೆದದ್ದರಿಂದ ಈ ಪರಿಣಾಮಕ್ಕೆ ಅವನದೇ ಹೆಸರು. ಹೆಸರು ಕೇಳದ ಎಷ್ಟೋ ಮಡಿವಾಳರು ಬೆರಳ ತುದಿಯ ಹನಿಯಿಂದಲೇ ದಿನಕ್ಕೆ ಹತ್ತು ಸಲ ಈ ಪ್ರಯೋಗ ಮಾಡಿದ್ದಾರೆ.

ಕೆಂಡದಿಂದ ಕರೆಂಟಿಗೆ

ವಿದ್ಯುತ್ ಇಸ್ತ್ರಿಗೆ ನ್ಯೂಯಾರ್ಕಿನ ಹೆನ್ರಿ ಸೀಲಿ ಪೇಟೆಂಟ್ ಪಡೆದದ್ದು 1882ರಲ್ಲಿ. ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿತು. ಆದರೆ ಅದು ಮೊದಲು ಹರಿದದ್ದು ದೂರದ ಕೋಲಾರದ ಚಿನ್ನದ ಗಣಿಗೆ. ಸುತ್ತಲ ಹಳ್ಳಿಗಳಿಗೆ ಮುಂದೆ ದಶಕಗಳ ಕಾಲ ಇದ್ದಿಲೇ ಗತಿ. ತೆಂಗು ಬೆಳೆಯುವ ಕೆ.ಆರ್. ಪೇಟೆ, ನಾಗಮಂಗಲದಂಥ ಸೀಮೆಯಲ್ಲಿ ಚಿಪ್ಪಿಗೆ ಬರವಿಲ್ಲ. ಚಿಪ್ಪಿನ ಇದ್ದಿಲು ಹೆಚ್ಚು ಹೊತ್ತು ಕಾವು ಹಿಡಿಯುತ್ತದೆ, ಬೂದಿಯೂ ಕಡಿಮೆ.

ಆಮೇಲೆ ಮೇಣದ ಗಂಟಿಗೂ ಪ್ರತಿಸ್ಪರ್ಧಿ ಬಂತು. ಅಮೆರಿಕದ ರಾಯ್ ಪ್ಲಂಕೆಟ್ 1938ರಲ್ಲಿ ಆಕಸ್ಮಿಕವಾಗಿ ಕಂಡುಹಿಡಿದ ವಸ್ತು ಮುಂದೆ ‘ಟೆಫ್ಲಾನ್’ ಎಂಬ ಹೆಸರಿನಲ್ಲಿ ದೋಸೆಕಾವಲಿಗೂ ಇಸ್ತ್ರಿಯ ತಳಕ್ಕೂ ಏರಿತು. ಯಾವುದೂ ಅಂಟದ ಪದರ ಕಾರ್ಖಾನೆಯಲ್ಲೇ ಬಳಿದು ಬಂದ ಮೇಲೆ, ಪ್ರತಿ ಸಲವೂ ಕೈಯಾರೆ ಹಚ್ಚುವ ಪದರ ಯಾರಿಗೆ ಬೇಕು?

ಬಿಡಬೇಕಾದದ್ದು, ಉಳಿಸಬೇಕಾದದ್ದು

ಇದ್ದಿಲ ಪೆಟ್ಟಿಗೆ ಮತ್ತೆ ಬರಲಿ ಎಂದು ಯಾರೂ ಹಂಬಲಿಸಬೇಕಾಗಿಲ್ಲ. ಅರೆಬೆಂದ ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣವನ್ನೇ ತೆಗೆದೀತು. ದಿನವಿಡೀ ಕೆಂಡದ ಮುಂದೆ ನಿಂತು ಭಾರ ತಳ್ಳುವವರ ಮೊಣಕೈ, ಬೆನ್ನು, ಶ್ವಾಸಕೋಶದ ಕಷ್ಟ ಗರಿಮುರಿ ಅಂಗಿ ತೊಟ್ಟವರಿಗೆ ಕಾಣುವುದಿಲ್ಲ.

ಕಂಡವಳು ಒಬ್ಬ ಶಾಲಾ ಬಾಲಕಿ. ತಮಿಳುನಾಡಿನ ತಿರುವಣ್ಣಾಮಲೈಯ ವಿನಿಶಾ ಉಮಾಶಂಕರ್ ಮನೆಯ ಬಳಿ ಇಸ್ತ್ರಿಯವನು ಉರಿದ ಇದ್ದಿಲನ್ನು ಎಸೆಯುವುದನ್ನು ಗಮನಿಸಿ, ಸೌರಶಕ್ತಿಯಿಂದ ನಡೆಯುವ ಇಸ್ತ್ರಿಗಾಡಿಯನ್ನು ರೂಪಿಸಿದಳು. ಐದು ಗಂಟೆ ಬಿಸಿಲು ಕುಡಿದರೆ ಆರು ಗಂಟೆ ಇಸ್ತ್ರಿ ಮಾಡಬಲ್ಲ ಗಾಡಿ ಅದು. 2020ರಲ್ಲಿ ಸ್ವೀಡನ್ನಿನ ಮಕ್ಕಳ ಹವಾಮಾನ ಪ್ರಶಸ್ತಿ ಆಕೆಗೆ ಬಂತು. 2021ರಲ್ಲಿ ಗ್ಲಾಸ್ಗೋದ ವಿಶ್ವ ಹವಾಮಾನ ಸಮ್ಮೇಳನದಲ್ಲಿ ಆಕೆ ಮಾತನಾಡಿದಳು. ಆಕೆಗೆ ಹೊಳೆದದ್ದು ಪ್ರಯೋಗಾಲಯದಲ್ಲಲ್ಲ, ಬೀದಿಯ ಇಸ್ತ್ರಿಗಾಡಿಯ ಪಕ್ಕದಲ್ಲಿ.

ಕೆಂಡ ಹೋಗಲಿ, ಆದರೆ ಅದರೊಡನೆ ಬೆಳೆದ ತಿಳಿವಳಿಕೆ ಹೋಗಬಾರದು. ಬಟ್ಟೆಯ ಮರ್ಮ, ಕಾವಿನ ಹದ, ಮೇಣದ ಗುಣ ಬಲ್ಲವರನ್ನು ‘ಓದದವರು’ ಎಂದು ಬದಿಗೆ ಸರಿಸುವ ಪಾಠ ಮಕ್ಕಳಿಗೆ ಮನೆಯಿಂದ ಹೋಗದಿರಲಿ. 12ನೆಯ ಶತಮಾನದ ಶರಣರ ನಡುವೆ ಮಡಿವಾಳ ಮಾಚಿದೇವರು ಪಡೆದ ಗೌರವವನ್ನು ಮಕ್ಕಳು ಪಠ್ಯದಲ್ಲಿ ಓದಿದರೆ ಸಾಲದು. ಅದು ಬೀದಿಯ ತುದಿಯ ಇಸ್ತ್ರಿ ಮೇಜಿಗೂ ಸಲ್ಲಬೇಕು. ಘರ್ಷಣೆಯ ಪಾಠ ಮುಗಿದ ವಾರ ಶಿಕ್ಷಕರು ಊರಿನ ಇಸ್ತ್ರಿಯವರೊಬ್ಬರನ್ನು ತರಗತಿಗೆ ಕರೆದು, ಮೇಣ ಹಚ್ಚುವ ಮೊದಲು ಮತ್ತು ಆಮೇಲೆ ಪೆಟ್ಟಿಗೆಯನ್ನು ಎಳೆಯಲು ಎಷ್ಟು ಬಲ ಬೇಕೆಂದು ಸ್ಪ್ರಿಂಗ್ ತಕ್ಕಡಿಯಿಂದ ಮಕ್ಕಳಿಂದಲೇ ಅಳೆಯಿಸಲಿ. ಪಾಠ ಮನಸ್ಸಿನಲ್ಲಿ ಕೂರುತ್ತದೆ. ಕಲಿಸಿದವರ ಮೇಲಿನ ಗೌರವವೂ ಕೂರುತ್ತದೆ.